ಅಂಕೆಯೂ ಅರಿವೂ

ಕನ್ನಡದಲ್ಲಿ 'ಅಂಕೆ' ಎಂಬ ಮಾತಿಗೆ ಎರಡು ಅರ್ಥಗಳುಂಟು. ಎಣಿಕೆಯ ಗುರುತು ಎಂಬುದು ಒಂದು. ಹತೋಟಿ ಎಂಬುದು ಇನ್ನೊಂದು. ಈ ಎರಡು ಅರ್ಥಗಳ ನಡುವಣ ಅಂತರವು ಇಂದಿನ ಯಂತ್ರಶಾಲೆಗಳಲ್ಲಿ ಎದ್ದು ಕಾಣುತ್ತದೆ. ಲೋಹವನ್ನು ಕಡೆಯುವ ಲೇತಿನ ಮೇಲೆ, ಮಿಲ್ಲಿಂಗ್ ಯಂತ್ರದ ಮೇಲೆ, ಈಗ ಒಂದು ಪುಟ್ಟ ಫಲಕವಿರುತ್ತದೆ. ಯಂತ್ರದ ಚಲಿಸುವ ಭಾಗವು ಎಷ್ಟು ಸರಿದಿದೆಯೆಂಬುದನ್ನು ಅದು ಬೆಳಗುವ ಅಂಕೆಗಳಲ್ಲಿ, ಮಿಲಿಮೀಟರಿನ ಸಾವಿರದ ಅಂಶಗಳಲ್ಲಿ ತೋರಿಸುತ್ತದೆ. ಇದರ ಹೆಸರು ಡಿಜಿಟಲ್ ರೀಡೌಟ್. ಕೆಲಸಗಾರರ ಬಾಯಲ್ಲಿ ಡಿ.ಆರ್.ಓ. ಈ ಫಲಕವು ಎಣಿಕೆಯನ್ನು ಕೊಡುತ್ತದೆಂಬುದರಲ್ಲಿ ಸಂದೇಹವಿಲ್ಲ. ಕೆಲಸದ ಮೇಲಣ ಹತೋಟಿಯನ್ನೂ ಅದು ಕೊಡುತ್ತದೆಯೆ ಎಂಬುದು ಮಾತ್ರ, ತಾಂತ್ರಿಕ ಶಿಕ್ಷಣವನ್ನು ಕೈಗೊಂಡಿರುವ ವಿದ್ಯಾಸಂಸ್ಥೆಗಳೂ ಅವುಗಳ ದಾನಿಗಳೂ ವಿಚಾರಮಾಡಬೇಕಾದ ವಿಷಯ.

ಯಂತ್ರೋಪಕರಣಗಳ ತಯಾರಿಕೆ ಕನ್ನಡನಾಡಿಗೆ ಹೊಸದಲ್ಲ. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಯಿತು. 1953ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಮೆಷೀನ್ ಟೂಲ್ಸ್ ಸ್ಥಾಪಿತವಾಯಿತು. 1962ರಲ್ಲಿ ಅದೇ ನಗರದಲ್ಲಿ, ಇಂದು ಸಿ.ಎಂ.ಟಿ.ಐ. ಎಂದು ಪ್ರಸಿದ್ಧವಾಗಿರುವ ಸಂಶೋಧನ ಸಂಸ್ಥೆ ಹುಟ್ಟಿತು. ಹರಿಹರದ ಆ ಕಾರ್ಖಾನೆ ಇಂದು ಉಳಿದಿಲ್ಲ. ಆದರೆ ಅಲ್ಲಿಂದ ಹೊರಬಂದ ಲೇತುಗಳು ಎಷ್ಟೋ ಸಣ್ಣ ಯಂತ್ರಶಾಲೆಗಳಲ್ಲಿ ಈಗಲೂ ತಿರುಗುತ್ತಿವೆ. ಇಂಥ ಹಳೆಯ ಯಂತ್ರಗಳಲ್ಲಿ ಅಳತೆಯ ಆಧಾರವೆಂದರೆ ಹಿಡಿಯ ಸುತ್ತ ಗೆರೆಗಳನ್ನು ಕೊರೆದ ಒಂದು ಉಂಗುರ. ಅದು ತಿರುಪು ಎಷ್ಟು ತಿರುಗಿತೆಂಬುದನ್ನು ಹೇಳುತ್ತದೆಯೇ ಹೊರತು ಉಪಕರಣ ಎಷ್ಟು ಸರಿಯಿತೆಂಬುದನ್ನು ಹೇಳುವುದಿಲ್ಲ. ತಿರುಪಿಗೂ ಅದರ ನಟ್ಟಿಗೂ ನಡುವೆ ಕೆಲಸಗಾರರು 'ಪ್ಲೇ' ಎಂದು ಕರೆಯುವ ಸಡಿಲು ಇದ್ದೇ ಇರುತ್ತದೆ. ಹಿಡಿಯನ್ನು ಹಿಂದಕ್ಕೆ ತಿರುಗಿಸಿದಾಗ ಈ ಸಡಿಲು ತೀರುವವರೆಗೆ ಉಂಗುರ ಮಾತ್ರ ಸರಿಯುತ್ತದೆ; ಉಪಕರಣ ನಿಂತಲ್ಲೇ ನಿಂತಿರುತ್ತದೆ.

ರೀಡೌಟು ಈ ದೋಷದ ಬೇರನ್ನೇ ಕತ್ತರಿಸುತ್ತದೆ. ಯಂತ್ರದ ಬದಿಗೆ ಗಾಜಿನ ಅಳತೆಪಟ್ಟಿಯೊಂದನ್ನು ಜೋಡಿಸಿರುತ್ತಾರೆ. ಅದರ ಮೇಲೆ ಒಂದು ಮಿಲಿಮೀಟರಿಗೆ 50ರಂತೆ ಸೂಕ್ಷ್ಮರೇಖೆಗಳಿರುವುದು ಸಾಮಾನ್ಯ. ಬೆಳಕನ್ನು ಹಾಯಿಸಿ ಓದುವ ತಲೆಯೊಂದು ಪಟ್ಟಿಯ ಗುಂಟ ಚಲಿಸುತ್ತ ಆ ರೇಖೆಗಳನ್ನು ಎಣಿಸುತ್ತದೆ. ಎರಡು ಸಂಕೇತಗಳಲ್ಲಿ ಯಾವುದು ಮುಂದು, ಯಾವುದು ಹಿಂದು ಎಂಬುದರಿಂದ ಚಲನೆಯ ದಿಕ್ಕನ್ನೂ ತಿಳಿಯುತ್ತದೆ. ತಿರುಪು ಎಷ್ಟೇ ಸಡಿಲಾಗಿರಲಿ, ಅಳೆಯಲ್ಪಡುವುದು ನಿಜವಾದ ಚಲನೆ. ಅಂಗುಲದ ತಿರುಪುಳ್ಳ ಹಳೆಯ ಯಂತ್ರವೂ ಒಂದು ಗುಂಡಿಯನ್ನು ಒತ್ತಿದೊಡನೆ ಮಿಲಿಮೀಟರಿನಲ್ಲಿ ಉತ್ತರ ಕೊಡುತ್ತದೆ.

ಇಂಥ ಸಾಧನವು ಕೈಗಾರಿಕೆಯನ್ನು ಕೆಡಿಸುತ್ತದೆಂದು ಕೆಲವು ಹಿರಿಯ ಕುಶಲಕರ್ಮಿಗಳು ಆಕ್ಷೇಪಿಸುವುದುಂಟು. ಆ ಆಕ್ಷೇಪ ಪೂರ್ತಿಯಾಗಿ ಒಪ್ಪತಕ್ಕದ್ದಲ್ಲ. ಹಿಡಿಯ ಸುತ್ತುಗಳನ್ನು ಬಾಯಲ್ಲಿ ಎಣಿಸುತ್ತ, ಒಂದು ಸುತ್ತು ತಪ್ಪಿದೊಡನೆ ಇಡೀ ದಿನದ ಶ್ರಮವನ್ನು ಗುಜರಿಗೆ ಹಾಕುವುದರಲ್ಲಿ ಯಾವ ಹೆಚ್ಚುಗಾರಿಕೆಯೂ ಇಲ್ಲ. ಯಂತ್ರವು ಎಣಿಸಬಲ್ಲುದನ್ನು ಯಂತ್ರವೇ ಎಣಿಸಲಿ. ಆದರೆ ಮಾತ್ರೆಗಳ ಲೆಕ್ಕ ಸರಿಹೋದ ಮಾತ್ರಕ್ಕೆ ಪದ್ಯವು ಕಾವ್ಯವಾಗದು. ಹಾಗೆಯೇ ಫಲಕದ ಅಂಕೆ ಸರಿಯಾಗಿದ್ದ ಮಾತ್ರಕ್ಕೆ ಕಡೆದ ವಸ್ತು ಸರಿಯಾಗಿರಬೇಕೆಂಬ ನಿಯಮವಿಲ್ಲ.

ಶಾಂಭವಿ ನದಿ ಕಡಲನ್ನು ಸೇರುವ ಹೆಜಮಾಡಿಯಂಥ ಕರಾವಳಿಯ ಊರನ್ನು ನೆನೆಯಬಹುದು. ಅಲ್ಲಿನ ಯಾಂತ್ರಿಕ ದೋಣಿಯೊಂದಕ್ಕೆ 50 ಮಿಲಿಮೀಟರ್ ವ್ಯಾಸದ ಉಕ್ಕಿನ ಷಾಫ್ಟು ಬೇಕಾಗಿದೆಯೆನ್ನೋಣ. ಕಡೆಯುವಾಗ ಅದು 40 ಡಿಗ್ರಿಯಷ್ಟು ಬಿಸಿಯೇರಿದರೆ ವ್ಯಾಸದಲ್ಲಿ ಸುಮಾರು 0.02 ಮಿಲಿಮೀಟರ್ ಹಿಗ್ಗುತ್ತದೆ. ತಣಿದಾಗ ಅಷ್ಟೇ ಕುಗ್ಗುತ್ತದೆ. ಫಲಕಕ್ಕೆ ಇದರ ಸುಳಿವಿಲ್ಲ. ಉಪಕರಣದ ಮೊನೆ ಸವೆದರೆ ಷಾಫ್ಟು ದಪ್ಪನಾಗಿ ಉಳಿಯುತ್ತದೆ. ಫಲಕಕ್ಕೆ ಅದರ ಸುಳಿವೂ ಇಲ್ಲ. ಲೇತಿನ ಹಾಸೇ ಸವೆದಿದ್ದರೆ ಷಾಫ್ಟಿನ ಒಂದು ತುದಿಗೂ ಇನ್ನೊಂದು ತುದಿಗೂ ವ್ಯಾಸ ಬೇರೆಬೇರೆಯಾಗಬಹುದು. ಫಲಕ ಮಾತ್ರ ಎರಡು ಕಡೆಯೂ ಒಂದೇ ಅಂಕೆಯನ್ನು ತೋರಿಸುತ್ತಿರುತ್ತದೆ. ಕೆಲಸದ ನಡುವೆ ವಿದ್ಯುತ್ತು ಹೋದಾಗ ಯಾರಾದರೂ ಹಿಡಿಯನ್ನು ತಿರುಗಿಸಿದರೆ, ಸಾಮಾನ್ಯ ಬಗೆಯ ಪಟ್ಟಿಗೆ ಆ ಚಲನೆ ತಿಳಿಯುವುದಿಲ್ಲ. ಗುರುತಿನ ರೇಖೆಯನ್ನು ಮತ್ತೆ ಹಾಯ್ದು ಸ್ಥಾನವನ್ನು ಸರಿಪಡಿಸಿಕೊಳ್ಳಲೇಬೇಕು. ಇವುಗಳನ್ನೆಲ್ಲ ಅರಿಯದವನು ಅಂಕೆಯನ್ನು ನಂಬಿ ಷಾಫ್ಟನ್ನು ಒಪ್ಪಿಸಿದರೆ, ಅದು ಬೇರಿಂಗಿನಲ್ಲಿ ಬಿಗಿಯಾಗಿ ಕಾಯುತ್ತದೆ ಇಲ್ಲವೆ ಸಡಿಲಾಗಿ ನಡುಗುತ್ತದೆ. ನಷ್ಟ ಫಲಕದ್ದಲ್ಲ, ಮೀನುಗಾರಿಕೆಯ ದಿನಗಳನ್ನು ಕಳೆದುಕೊಂಡು ದಡದಲ್ಲಿ ಕುಳಿತವನದು.

ಆದುದರಿಂದ ಪ್ರಶ್ನೆ ರೀಡೌಟು ಬೇಕೆ ಬೇಡವೆ ಎಂಬುದಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು. ವಿದ್ಯಾರ್ಥಿಯು ಮೊದಲು ಉಂಗುರದ ಗೆರೆಗಳಿಂದ, ವರ್ನಿಯರಿನಿಂದ, ಮೈಕ್ರೋಮೀಟರಿನಿಂದ ಕೆಲಸ ಕಲಿಯಲಿ. ಸಡಿಲನ್ನು ಕೈಯೇ ಗುರುತಿಸುವಂತಾಗಲಿ. ಲೇತಿನಲ್ಲಿ ಉಪಕರಣ ಒಂದು ಮಿಲಿಮೀಟರ್ ಒಳಸರಿದರೆ ವ್ಯಾಸ ಎರಡು ಮಿಲಿಮೀಟರ್ ಕಡಿಮೆಯಾಗುವುದೇಕೆಂಬುದು ಮನಸ್ಸಿಗೆ ನಾಟಲಿ. ಅನಂತರ ಫಲಕವನ್ನು ಅವನ ಕೈಗೆ ಒಪ್ಪಿಸಬೇಕು. ಪರೀಕ್ಷೆಯಲ್ಲಿ ಒಂದು ವಸ್ತುವನ್ನು ಫಲಕಕ್ಕೆ ಬಟ್ಟೆ ಮುಚ್ಚಿ, ಇನ್ನೊಂದನ್ನು ಬಟ್ಟೆ ತೆಗೆದು ಕಡೆಸಿ, ಎರಡನ್ನೂ ತಣಿದ ಮೇಲೆ ಅಳೆಯಿಸಿ, ಅಂತರಕ್ಕೆ ಕಾರಣವನ್ನು ಅವನಿಂದಲೇ ಹೇಳಿಸುವುದು ಉಚಿತ. ಕಾರಣ ಹೇಳಬಲ್ಲವನು ಮುಂದೆ ಗಣಕಯಂತ್ರದ ಆಜ್ಞೆಯಿಂದ ನಡೆಯುವ ಸಿ.ಎನ್.ಸಿ. ಯಂತ್ರದ ಮುಂದೆಯೂ ತಬ್ಬಿಬ್ಬಾಗಲಾರನು.

ದಾನಿಗಳಿಗೂ ಇಲ್ಲಿ ಒಂದು ವಿಜ್ಞಾಪನೆಯುಂಟು. ಬೆಳಗುವ ಫಲಕವು ಉದ್ಘಾಟನೆಯ ದಿನ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಸವೆದ ಹಾಸನ್ನು ಸರಿಪಡಿಸಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೂ ಹಳೆಯ ಲೇತಿಗೆ ಫಲಕವನ್ನು ಕೊಡುವ ಮುನ್ನ ಅದರ ಹಾಸನ್ನು ಸರಿಮಾಡಿಸಿಕೊಡುವುದು ಮೇಲಾದ ದಾನ. ಫಲಕದ ಜೊತೆಗೆ ನಾಲ್ಕು ಒಳ್ಳೆಯ ಮೈಕ್ರೋಮೀಟರುಗಳನ್ನೂ, ಅವನ್ನು ಪರೀಕ್ಷಿಸುವ ಸ್ಲಿಪ್ ಗೇಜುಗಳನ್ನೂ, ವರ್ಷಕ್ಕೊಮ್ಮೆ ಅಳತೆಗಳನ್ನು ತಾಳೆನೋಡಿಸುವ ವೆಚ್ಚವನ್ನೂ ಒದಗಿಸಿದರೆ ಆ ದಾನ ಪೂರ್ಣವಾದೀತು.

ಬೇಲೂರು ಹಳೇಬೀಡುಗಳ ನುಣುಪಾದ ಕಡೆದ ಕಂಬಗಳನ್ನು ನಿಲ್ಲಿಸಿದ ನಾಡಿನಲ್ಲಿ 'ಕಡೆ' ಎಂಬ ಧಾತು ಮಜ್ಜಿಗೆಗೂ ಕಂಬಕ್ಕೂ ಒಂದೇ. ಕಡೆಯುವವನಿಗೆ ಬೆಣ್ಣೆ ಬರುವ ಹೊತ್ತು ತಿಳಿದಿರಬೇಕು. ಆ ಅರಿವುಳ್ಳವನ ಕೈಯಲ್ಲಿ ರೀಡೌಟಿನ ಎಣಿಕೆ ಹತೋಟಿಯಾಗುತ್ತದೆ. ಅರಿವಿಲ್ಲದವನು ಆ ಎಣಿಕೆಯ ಹತೋಟಿಗೆ ತಾನೇ ಸಿಲುಕುತ್ತಾನೆ. ಮೊದಲನೆಯವನನ್ನು ತಯಾರು ಮಾಡುವುದು ಶಾಲೆಯ ಹೊಣೆ.