ಗಡಿ ದಾಟಿದ ಮಗುವಿನ ಕಡತ ಮುಚ್ಚಬಾರದು: ಅಂತರ್‌ದೇಶೀಯ ದತ್ತು ಕುರಿತು ಮನವಿ ಪತ್ರ

ಗೆ,
ಸದಸ್ಯ ಕಾರ್ಯದರ್ಶಿ ಹಾಗೂ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು,
ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ (ಕಾರಾ), ನವದೆಹಲಿ.

ವಿಷಯ: ವಿದೇಶಕ್ಕೆ ದತ್ತು ಹೋಗುವ ಮಕ್ಕಳ ದಾಖಲೆ, ನಿಗಾ ಮತ್ತು ದೇಶಗಳ ನಡುವಿನ ಸಹಕಾರವನ್ನು ಬಲಪಡಿಸುವಂತೆ ಕೋರಿ.

ಮಾನ್ಯರೇ,

ಅಂತರ್‌ದೇಶೀಯ ದತ್ತಿಗೆ ಸಂಬಂಧಿಸಿದಂತೆ ನಮ್ಮಲ್ಲಿ ಕಾನೂನಿಗೇನೂ ಬರವಿಲ್ಲ. ಲಕ್ಷ್ಮೀಕಾಂತ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1984ರಲ್ಲೇ ಮಾರ್ಗಸೂಚಿ ಹಾಕಿಕೊಟ್ಟಿತು. 1993ರ ಹೇಗ್ ಒಪ್ಪಂದವನ್ನು ಭಾರತ 2003ರಲ್ಲಿ ಅನುಮೋದಿಸಿತು. 2015ರ ಬಾಲನ್ಯಾಯ ಕಾಯ್ದೆ, ಅದರ 2021ರ ತಿದ್ದುಪಡಿ, 2022ರ ದತ್ತು ನಿಯಮಾವಳಿ ಒಂದರ ಹಿಂದೊಂದು ಬಂದವು. ಆದರೂ ಎರಡು ದೇಶಗಳ ಸಹಕಾರ ಚುರುಕಾಗಿರುವುದು ಮಗು ವಿಮಾನ ಹತ್ತುವವರೆಗೆ ಮಾತ್ರ. ಮಗು ಹೊಸ ದೇಶ ಸೇರಿದ ಮೇಲೆ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ ವರದಿ ಬರುತ್ತದೆ. ಅಲ್ಲಿಗೆ ಕಡತ ಮುಚ್ಚುತ್ತದೆ. ದತ್ತು ಎಂಬುದು ಎರಡು ವರ್ಷದಲ್ಲಿ ಮುಗಿಯುವ ವ್ಯವಹಾರವಲ್ಲ. ಮಗುವಿನ ಮೂಲದ ದಾಖಲೆಯನ್ನು ಶಾಶ್ವತವಾಗಿ ಕಾಯ್ದು, ಅದರ ಹೊಣೆಯನ್ನು ಎರಡೂ ದೇಶಗಳು ಹೊರುವಂತೆ ಮಾಡಬೇಕೆಂಬುದು ಕೆಳಗೆ ಸಹಿ ಮಾಡಿರುವ ನಮ್ಮ ಮುಖ್ಯ ಬೇಡಿಕೆ.

ದಾಖಲೆಯ ಮೇಲೆ ಇಷ್ಟು ಒತ್ತು ಏಕೆಂದರೆ, ಈ ಕ್ಷೇತ್ರದ ದೊಡ್ಡ ಅನ್ಯಾಯಗಳೆಲ್ಲ ಕಾಗದದ ಮೇಲೆಯೇ ನಡೆದಿವೆ. ಚೆನ್ನೈಯಲ್ಲಿ ಬಡವರ ಮನೆಗಳಿಂದ ಕದ್ದ ಮಕ್ಕಳನ್ನು ಸುಳ್ಳು ಪತ್ರಗಳ ಬಲದಿಂದ ಹೊರದೇಶಗಳಿಗೆ ಕಳಿಸಿದ ಜಾಲ 2005ರಲ್ಲಿ ಬಯಲಾಯಿತು. ನೆದರ್‌ಲ್ಯಾಂಡ್ಸ್ ಸರ್ಕಾರ ನೇಮಿಸಿದ್ದ ಸಮಿತಿ ಶ್ರೀಲಂಕಾ, ಬಾಂಗ್ಲಾದೇಶ, ಇಂಡೊನೇಷ್ಯಾ, ಬ್ರೆಜಿಲ್, ಕೊಲಂಬಿಯಾಗಳಿಂದ ಬಂದ ದತ್ತುಗಳನ್ನು ಪರಿಶೀಲಿಸಿ 2021ರಲ್ಲಿ ಗಂಭೀರ ಅಕ್ರಮಗಳನ್ನು ಎತ್ತಿ ತೋರಿಸಿತು. ಅಲ್ಲೂ ತಿದ್ದಿದ ದಾಖಲೆಗಳದ್ದೇ ಕಥೆ. ಇಂದು ನಮ್ಮ ವಿಶೇಷ ದತ್ತು ಸಂಸ್ಥೆಯೊಂದರಲ್ಲಿ ಪರಿತ್ಯಕ್ತ ಶಿಶುವಿನ ಕಡತ ತೆರೆದರೆ ಸಿಗುವುದು ಪೊಲೀಸ್ ವರದಿ, ಪತ್ರಿಕಾ ಪ್ರಕಟಣೆಯ ತುಣುಕು, ಮಕ್ಕಳ ಕಲ್ಯಾಣ ಸಮಿತಿಯ ಆದೇಶ, ಒಂದು ಫೋಟೊ. ಮಗುವಿನ ಹೆಸರನ್ನೂ ಬಹುಪಾಲು ಸಂಸ್ಥೆಯವರೇ ಇಟ್ಟಿರುತ್ತಾರೆ. ಮೂವತ್ತು ವರ್ಷ ಕಳೆದು ಆ ವ್ಯಕ್ತಿ ತನ್ನ ಮೂಲ ಹುಡುಕಿಕೊಂಡು ಬಂದರೆ ಅವರಿಗೆ ಸಿಗಬಹುದಾದ ಆಸ್ತಿ ಇಷ್ಟೇ. ಅದೂ ಗೆದ್ದಲಿಗೆ ಆಹಾರವಾಗದೆ ಉಳಿದಿದ್ದರೆ.

ಆದ್ದರಿಂದ ಪ್ರತಿ ಮಗುವಿನ ಮೂಲ ಕಡತವನ್ನು ಪೂರ್ಣವಾಗಿ ಸ್ಕ್ಯಾನ್ ಮಾಡಿ ಕಾರಾದ ವಶದಲ್ಲಿ ಕಾಲಮಿತಿಯಿಲ್ಲದೆ ಇಡಬೇಕು. ಮುಚ್ಚಿಹೋದ, ಮಾನ್ಯತೆ ಕಳೆದುಕೊಂಡ ಸಂಸ್ಥೆಗಳ ಹಳೆಯ ಕಡತಗಳನ್ನು ರಾಜ್ಯ ದತ್ತು ಸಂಪನ್ಮೂಲ ಸಂಸ್ಥೆಗಳ ಮೂಲಕ ಸಂಗ್ರಹಿಸಬೇಕು. ‘ಕಾರಿಂಗ್ಸ್’ ಜಾಲತಾಣ ಬರುವ ಮೊದಲಿನ ದತ್ತುಗಳಿಗೆ ಇದು ಬಹಳ ತುರ್ತು. ಹೇಗ್ ಒಪ್ಪಂದದ 30ನೇ ವಿಧಿ ಮಗುವಿನ ಮೂಲದ ಮಾಹಿತಿಯನ್ನು, ತಂದೆತಾಯಿಯ ಗುರುತು ಮತ್ತು ವೈದ್ಯಕೀಯ ಇತಿಹಾಸ ಸಹಿತ, ಕಾಪಾಡಲೇಬೇಕೆನ್ನುತ್ತದೆ. ನಾವು ಹೊಸದೇನನ್ನೂ ಕೇಳುತ್ತಿಲ್ಲ. ಒಪ್ಪಿ ಸಹಿ ಹಾಕಿದ್ದನ್ನು ನಡೆಸಿಕೊಡಿ ಎನ್ನುತ್ತಿದ್ದೇವೆ.

ಇದಕ್ಕೆ ಬರುವ ದೊಡ್ಡ ಆಕ್ಷೇಪ ಹೆತ್ತ ತಾಯಿಯ ಗೋಪ್ಯತೆಯದು. ಅವಿವಾಹಿತ ತಾಯಿಯೊಬ್ಬಳು ಮಗುವನ್ನು ಒಪ್ಪಿಸಿ ಊರಿಗೆ ಮರಳಿ ಸಂಸಾರ ಹೂಡಿದ್ದರೆ, ವರ್ಷಗಳ ಬಳಿಕ ಬಾಗಿಲು ತಟ್ಟುವ ಅಪರಿಚಿತರು ಅವಳ ಬದುಕನ್ನೇ ಅಲುಗಿಸಬಲ್ಲರು. ಈ ಭಯ ನ್ಯಾಯವಾದದ್ದು. ಆದರೆ ಮಾಹಿತಿಯನ್ನು ಕಾಪಾಡುವುದು ಬೇರೆ, ಬಿಟ್ಟುಕೊಡುವುದು ಬೇರೆ. ಹೆತ್ತವರ ಒಪ್ಪಿಗೆಯಿಲ್ಲದೆ ಗುರುತು ಹೇಳುವಂತಿಲ್ಲ, ಅವರು ನಿರಾಕರಿಸಿದರೆ ಮಗುವನ್ನು ಒಪ್ಪಿಸಿದ ಸಂದರ್ಭವನ್ನಷ್ಟೇ ತಿಳಿಸಬೇಕು ಎಂಬ ವ್ಯವಸ್ಥೆ ನಮ್ಮ ನಿಯಮಾವಳಿಯಲ್ಲೇ ಇದೆ. ಕೊರತೆಯಿರುವುದು ಆ ಒಪ್ಪಿಗೆಯನ್ನು ನಾಜೂಕಾಗಿ, ನೆರೆಹೊರೆಗೆ ಸುಳಿವು ಸಿಗದಂತೆ ಕೇಳಬಲ್ಲ ಜನರದು. ಪ್ರತಿ ರಾಜ್ಯದಲ್ಲಿ ಮೂಲಶೋಧಕ್ಕೆಂದೇ ತರಬೇತಾದ ಸಮಾಜ ಕಾರ್ಯಕರ್ತರನ್ನು ನೇಮಿಸಬೇಕು, ಅರ್ಜಿಗೆ ಉತ್ತರಿಸುವ ಗಡುವು ಗೊತ್ತುಪಡಿಸಬೇಕು.

ನಿಗಾ ಅವಧಿಯ ವಿಷಯವೂ ಇದಕ್ಕೆ ಹೆಣೆದುಕೊಂಡಿದೆ. 2017ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಭಾರತದಿಂದ ದತ್ತು ಹೋಗಿದ್ದ ಪುಟ್ಟ ಮಗುವೊಂದು ಸತ್ತಿತು. ಎರಡು ವರ್ಷದ ನಿಗಾ ಅವಧಿ ಇನ್ನೂ ಮುಗಿದಿರಲಿಲ್ಲ. ವರದಿಗಳ ಸಂಖ್ಯೆಯೊಂದೇ ಮಗುವನ್ನು ಕಾಯದು. ಮನೆಗೆ ಹೋದ ಕಾರ್ಯಕರ್ತರು ಮಗುವಿನೊಂದಿಗೆ ನೇರವಾಗಿ ಮಾತಾಡಿದರೇ, ಶಾಲೆ ಮತ್ತು ವೈದ್ಯರಿಂದ ಪ್ರತ್ಯೇಕ ಮಾಹಿತಿ ಪಡೆದರೇ ಎಂಬುದು ವರದಿಯಲ್ಲಿ ಕಡ್ಡಾಯವಾಗಬೇಕು. ಇನ್ನೊಂದು ತುದಿಯಲ್ಲಿ, ಬಾಲ್ಯದಲ್ಲೇ ಅಮೆರಿಕಕ್ಕೆ ಹೋದವರು ಪೌರತ್ವದ ಪ್ರಕ್ರಿಯೆಯನ್ನು ಯಾರೂ ಪೂರ್ತಿಗೊಳಿಸದ ಕಾರಣ, ದೊಡ್ಡವರಾದ ಮೇಲೆ, ಭಾಷೆಯೂ ಬಾರದ ಭಾರತಕ್ಕೆ ಗಡೀಪಾರಾದದ್ದಿದೆ. ಅಲ್ಲಿ 2000ದಲ್ಲಿ ಬಂದ ಕಾನೂನು ಆಗಲೇ ಹದಿನೆಂಟು ದಾಟಿದ್ದವರನ್ನು ಹೊರಗಿಟ್ಟಿತು. ಪೌರತ್ವದ ಪ್ರಮಾಣಪತ್ರ ಕೈಸೇರುವ ತನಕ ಯಾವ ಕಡತವನ್ನೂ ಮುಚ್ಚಬಾರದು.

ಪರದೇಶದ ಸರ್ಕಾರವನ್ನು ನಾವು ಬಗ್ಗಿಸಲಾಗದು ಎಂಬ ಉತ್ತರ ನಿರೀಕ್ಷಿತ. ಬಗ್ಗಿಸಬೇಕಿಲ್ಲ. ಒಪ್ಪಂದದ 39ನೇ ವಿಧಿ ಸದಸ್ಯ ದೇಶಗಳು ಪರಸ್ಪರ ಪ್ರತ್ಯೇಕ ಕರಾರು ಮಾಡಿಕೊಳ್ಳಲು ಅವಕಾಶ ಕೊಟ್ಟಿದೆ. ನಮ್ಮ ಮಕ್ಕಳು ಹೆಚ್ಚಾಗಿ ಹೋಗುವ ದೇಶಗಳೊಂದಿಗೆ ಮೊದಲು ಅಂಥ ಕರಾರು ಆಗಲಿ. ಒಪ್ಪಂದಕ್ಕೆ ಸೇರದ ಕೊಲ್ಲಿ ದೇಶಗಳಲ್ಲಿ ಸಮಸ್ಯೆ ಬೇರೆ. ಅಲ್ಲಿ ದುಡಿಯುವ ಕರಾವಳಿ ಕನ್ನಡಿಗರೂ ಸೇರಿ ಅನಿವಾಸಿ ದಂಪತಿಗೆ ರಾಯಭಾರ ಕಚೇರಿಯೇ ಗತಿ. ಗೃಹ ಅಧ್ಯಯನ ನಡೆಸುವ ಅರ್ಹ ಸಮಾಜ ಕಾರ್ಯಕರ್ತರ ಪಟ್ಟಿಯನ್ನು ಆ ಕಚೇರಿಗಳು ಇಟ್ಟುಕೊಳ್ಳುವಂತೆ ವಿದೇಶಾಂಗ ಸಚಿವಾಲಯದೊಂದಿಗೆ ಮಾತಾಡಿ.

ಇಷ್ಟೆಲ್ಲ ತಪಾಸಣೆ ಸೇರಿದರೆ ವಿಳಂಬ ಹೆಚ್ಚುವುದಿಲ್ಲವೇ? ವಿಳಂಬದ ಬೇರು ಬಹಳ ಸಲ ಅರ್ಧಂಬರ್ಧ ವರದಿಯಲ್ಲಿದೆ. ವಿದೇಶಿ ದಂಪತಿ ದತ್ತು ಪಡೆಯುವ ಮಕ್ಕಳಲ್ಲಿ ವಿಶೇಷ ಅಗತ್ಯವುಳ್ಳವರೇ ಹೆಚ್ಚು. ಅಂಥ ಮಗುವಿನ ವೈದ್ಯಕೀಯ ವರದಿಯಲ್ಲಿ ‘ಬೆಳವಣಿಗೆ ಕುಂಠಿತ’ ಎಂದಷ್ಟೇ ಬರೆದರೆ ಸ್ವೀಕರಿಸುವ ದೇಶ ಸ್ಪಷ್ಟನೆ ಕೇಳುತ್ತದೆ, ಮತ್ತೆ ಪರೀಕ್ಷೆ, ಮತ್ತೆ ಪತ್ರ. ತಿಂಗಳುಗಳು ಹೀಗೆ ಕರಗುತ್ತವೆ. ಜಿಲ್ಲಾ ಆಸ್ಪತ್ರೆಯ ತಜ್ಞರಿಂದ ಮೊದಲೇ ವಿವರವಾದ ಪರೀಕ್ಷೆಯಾದರೆ ಕೆಲಸ ಬೇಗ ಸಾಗುತ್ತದೆ. 2021ರ ತಿದ್ದುಪಡಿ ದತ್ತು ಆದೇಶದ ಅಧಿಕಾರವನ್ನು ನ್ಯಾಯಾಲಯದಿಂದ ಜಿಲ್ಲಾ ದಂಡಾಧಿಕಾರಿಗೆ ಕೊಟ್ಟದ್ದು ವೇಗಕ್ಕಾಗಿ. ಆ ವೇಗ ಪರಿಶೀಲನೆಯನ್ನು ನುಂಗದಂತೆ ಅವರಿಗೂ ತರಬೇತಿ ಬೇಕು.

ಕೆಡುಕು ಇಷ್ಟಿದ್ದರೆ ಈ ಪದ್ಧತಿಯನ್ನೇ ನಿಲ್ಲಿಸಿ ಎನ್ನುವವರೂ ಇದ್ದಾರೆ. 2024ರಲ್ಲಿ ಚೀನಾ ಹಾಗೆ ಮಾಡಿದಾಗ, ಕುಟುಂಬ ನಿಗದಿಯಾಗಿದ್ದ ಮಕ್ಕಳೂ ಅನಾಥಾಲಯದಲ್ಲೇ ಉಳಿದರು. ದೇಶದೊಳಗೆ ಮನೆ ಸಿಗದ, ಅಂಗವೈಕಲ್ಯವುಳ್ಳ ಏಳೆಂಟು ವರ್ಷದ ಮಗುವಿಗೆ ಇರುವ ಒಂದು ದಾರಿಯನ್ನು ಮುಚ್ಚುವುದನ್ನು ನಾವು ಒಪ್ಪುವುದಿಲ್ಲ.

ಈ ಮನವಿಯ ಮೇಲೆ ಪ್ರಾಧಿಕಾರ ಕೈಗೊಳ್ಳುವ ಕ್ರಮವನ್ನು ಅರವತ್ತು ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕು; ನಿಯಮಾವಳಿ ತಿದ್ದುವ ಮುನ್ನ, ದತ್ತು ಹೋಗಿ ಈಗ ವಯಸ್ಕರಾಗಿರುವವರನ್ನೂ ಸಮಾಲೋಚನೆಗೆ ಕರೆಯಬೇಕು ಎಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
(ಸಹಿ ಮಾಡಿದವರು)

ಪ್ರತಿ: ಕರ್ನಾಟಕ ರಾಜ್ಯ ದತ್ತು ಸಂಪನ್ಮೂಲ ಸಂಸ್ಥೆ, ಬೆಂಗಳೂರು.