ನಾರಾಯಣನ ದ್ವಾರಪಾಲಕರು

ವೈದ್ಯನನ್ನು ಸಾಕ್ಷಾತ್ ನಾರಾಯಣನೆಂದು ಭಾವಿಸಿ ನಡೆದುಬಂದ ನಾಡು ನಮ್ಮದು. ಆದರೆ ವೈಕುಂಠಕ್ಕೂ ಬಾಗಿಲುಂಟು. ಆ ಬಾಗಿಲಿಗೆ ಜಯವಿಜಯರೆಂಬ ಕಾವಲುಗಾರರುಂಟು. ಅವರು ಸನಕಾದಿ ಮುನಿಗಳನ್ನೇ ತಡೆದು ನಿಲ್ಲಿಸಿದ ಕಥೆ ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಇಂದಿನ ಆಸ್ಪತ್ರೆಗಳಲ್ಲಿ ಆ ಸ್ಥಾನವನ್ನು ಚೀಟಿ ಬರೆಯುವ ಕಿಂಡಿಯೂ, ತಜ್ಞರು ಕೇಳುವ ಮೊದಲ ಪ್ರಶ್ನೆಯೂ, ಸಹಿ ಬೇಡುವ ಕಾಗದವೂ ವಹಿಸಿಕೊಂಡಿವೆ. ವಾಚಕರಲ್ಲಿ ಬಹುಮಂದಿ ಇವನ್ನು ಗಮನಿಸಿಯೇ ಇರಲಾರರು. ಏಕೆಂದರೆ ಅವು ನಮ್ಮನ್ನು ತಡೆಯುವುದಿಲ್ಲ. ಯಾರನ್ನು ತಡೆಯುತ್ತವೆ ಎಂಬುದೇ ಈ ವಾರದ ವಿಚಾರ.

ಕಿಂಡಿಯ ಪ್ರಶ್ನೆಗಳು ಮೂರು: ಹೆಸರು, ವಯಸ್ಸು, ಗಂಡೋ ಹೆಣ್ಣೋ. ನಾವು ಯೋಚಿಸದೆ ಉತ್ತರಿಸುವ ಮೂರನೆಯ ಪ್ರಶ್ನೆಯೇ ಮಂಗಳಮುಖಿಯೊಬ್ಬಳಿಗೆ ಪರೀಕ್ಷೆಯಾಗುತ್ತದೆ. ಗುರುತಿನ ಚೀಟಿಯಲ್ಲಿ ತಂದೆತಾಯಿಯರಿಟ್ಟ ಗಂಡು ಹೆಸರು, ಎದುರಿಗೆ ಸೀರೆಯುಟ್ಟ ವ್ಯಕ್ತಿ. ಗುಮಾಸ್ತನು ಆ ಹೆಸರನ್ನೇ ಗಟ್ಟಿಯಾಗಿ ಕೂಗುತ್ತಾನೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುತ್ತಾರೆ. ಆಕೆಗೆ ಬಂದಿರುವುದಾದರೋ ನಮಗೆಲ್ಲ ಬರುವಂಥ ಜ್ವರ. ಒಳರೋಗಿಯಾಗಿ ಸೇರಬೇಕಾದರೆ ಗಂಡಸರ ವಾರ್ಡಿನಲ್ಲಿ ಆಕೆಗೆ ಭಯ, ಹೆಂಗಸರ ವಾರ್ಡಿನಲ್ಲಿ ಉಳಿದವರಿಗೆ ಸಂಕೋಚ. ಹೀಗೆ ಒಮ್ಮೆ ನೊಂದವಳು ಮತ್ತೆ ಆ ಮೆಟ್ಟಿಲನ್ನು ಹತ್ತುವುದಿಲ್ಲ. ಹಾರ್ಮೋನು ಮಾತ್ರೆಗಳನ್ನು ಸಹ ಗೆಳತಿಯರ ಮಾತು ಕೇಳಿ ಔಷಧದಂಗಡಿಯಿಂದ ತಂದು ನುಂಗುತ್ತಾಳೆ. ಈಸ್ಟ್ರೋಜನ್ ಸೇವಿಸುವವರಿಗೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಪ್ರಮಾಣವನ್ನು ವೈದ್ಯರೇ ನಿರ್ಧರಿಸಿ ಆಗಾಗ್ಗೆ ರಕ್ತಪರೀಕ್ಷೆ ಮಾಡಿಸಬೇಕು. ಕಿಂಡಿಯಲ್ಲಾದ ಅವಮಾನ ಹೀಗೆ ದೇಹದೊಳಕ್ಕೆ ಇಳಿಯುತ್ತದೆ.

ಕಾನೂನೇನೂ ಮೌನವಾಗಿಲ್ಲ. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ತೃತೀಯ ಲಿಂಗವನ್ನು ಮಾನ್ಯಮಾಡಿದಾಗ, ಆಸ್ಪತ್ರೆಗಳಲ್ಲಿ ಇವರಿಗೆ ತಕ್ಕ ಚಿಕಿತ್ಸೆ ದೊರೆಯುವಂತೆ ಕ್ರಮ ಕೈಗೊಳ್ಳಬೇಕೆಂದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳಿಗೆ ಆದೇಶವಿತ್ತಿತು. 2019ರಲ್ಲಿ ಸಂಸತ್ತು ಮಾಡಿದ ಕಾಯಿದೆಯು ವೈದ್ಯಕೀಯ ಪಠ್ಯಕ್ರಮವನ್ನೇ ಪುನಃ ಪರಿಶೀಲಿಸಬೇಕೆಂದಿತು. 2022ರ ಆಗಸ್ಟ್‌ನಲ್ಲಿ ಆಯುಷ್ಮಾನ್ ಭಾರತ ಯೋಜನೆಯಡಿ ಇವರಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ವಿಮೆ ಒದಗಿಸುವ ಒಪ್ಪಂದವಾಯಿತು. ನಮ್ಮ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ವೇದಿಕೆಯ ಮೇಲಿರುವವರಿಗೆ ಕೈಮುಗಿಯಲು ಕಲಿತ ನಾವು, ಅವರಂಥವರ ಪಕ್ಕದಲ್ಲಿ ಸಾಲಿನಲ್ಲಿ ಸುಮ್ಮನೆ ನಿಲ್ಲಲು ಇನ್ನೂ ಕಲಿತಿಲ್ಲ.

ಇನ್ನು ಕೆಲವರನ್ನು ತಡೆಯುವುದು ಯಾರ ಕಣ್ಣಿಗೂ ಕಾಣುವುದಿಲ್ಲ. ಸ್ತ್ರೀರೋಗತಜ್ಞರು ಮೊದಲು ಕೇಳುವುದು "ಮದುವೆಯಾಗಿದೆಯೆ?" ಎಂದು. ಮರ್ಯಾದೆಯ ಈ ಒಂದು ಪ್ರಶ್ನೆಯ ಹಿಂದೆ ಕೇಳಲು ನಾಚುವ ಹತ್ತು ಪ್ರಶ್ನೆಗಳು ಅಡಗಿರುತ್ತವೆ. ಇನ್ನೊಬ್ಬ ಹೆಣ್ಣಿನೊಡನೆ ಬಾಳುತ್ತಿರುವವಳು "ಇಲ್ಲ" ಎಂದರೆ ಅರ್ಧ ಸತ್ಯ, "ಹೌದು" ಎಂದರೆ ಪೂರ್ಣ ಸುಳ್ಳು. "ಇಲ್ಲ" ಎಂದು ಬರೆದುಕೊಂಡ ವೈದ್ಯರು ಗರ್ಭಕಂಠದ ತಪಾಸಣೆಯನ್ನು ಅನಗತ್ಯವೆಂದು ಬಿಟ್ಟುಬಿಡಬಹುದು. ಅಲ್ಲಿನ ಕ್ಯಾನ್ಸರಿಗೆ ಕಾರಣವಾದ ಹೆಚ್.ಪಿ.ವಿ. ವೈರಸ್ಸಾದರೋ ಹೆಣ್ಣಿನಿಂದ ಹೆಣ್ಣಿಗೂ ದಾಟಬಲ್ಲದು.

ಮೂರನೆಯ ದ್ವಾರಪಾಲಕನೇ ಎಲ್ಲರಿಗಿಂತ ಕಠಿಣ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದ ಇಬ್ಬರು ಗಂಡಸರಲ್ಲಿ ಒಬ್ಬನಿಗೆ ಶಸ್ತ್ರಚಿಕಿತ್ಸೆ ಎಂದಿಟ್ಟುಕೊಳ್ಳೋಣ. "ರೋಗಿಗೆ ನೀವೇನಾಗಬೇಕು?" ಎಂಬ ಪ್ರಶ್ನೆ ಬರುತ್ತದೆ. "ಸ್ನೇಹಿತ" ಎಂದರೆ ಸಹಿಗೆ ಬೆಲೆಯಿಲ್ಲ. ವರ್ಷಗಳಿಂದ ಮಾತುಬಿಟ್ಟ ಅಣ್ಣನೇ ಊರಿನಿಂದ ಬರಬೇಕು. ಆದರೆ ತುರ್ತು ಇಲ್ಲದಿರುವಾಗ, ಪ್ರಾಯಕ್ಕೆ ಬಂದು ಬುದ್ಧಿ ಸ್ವಾಧೀನದಲ್ಲಿರುವ ರೋಗಿಯ ಸಮ್ಮತಿಗೆ ಹೆತ್ತ ತಾಯಿಯ ಸಹಿಯೂ ಬದಲಾಗದೆಂದು ಸರ್ವೋಚ್ಚ ನ್ಯಾಯಾಲಯ 2008ರಲ್ಲಿಯೇ ಹೇಳಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಂತೂ, ತನ್ನ ಪರವಾಗಿ ನಿಲ್ಲುವ ಪ್ರತಿನಿಧಿ ಯಾರೆಂದು ರೋಗಿಯೇ ಒಂದು ಬಿಳಿಯ ಹಾಳೆಯ ಮೇಲೆ ಬರೆದು ಸಹಿಮಾಡಿಟ್ಟರೆ ಸಾಕೆನ್ನುತ್ತದೆ. ಆ ಪ್ರತಿನಿಧಿ ರಕ್ತಸಂಬಂಧಿಯೇ ಆಗಬೇಕಿಲ್ಲ. ಮನಸ್ಸಿನ ಕಾಯಿಲೆಗೆ ಸಾಕಾದ ಹಾಳೆ ಹೃದಯದ ಕಾಯಿಲೆಗೆ ಏಕೆ ಸಾಲದು? 2024ರ ಆಗಸ್ಟ್‌ನಲ್ಲಿ ಕೇಂದ್ರ ಆರೋಗ್ಯ ಮಂತ್ರಾಲಯವು, ಹತ್ತಿರದ ಬಂಧುಗಳಿಲ್ಲದಾಗ ಮೃತನ ದೇಹವನ್ನು ಸಂಗಾತಿಯು ಪಡೆಯಬಹುದೆಂದು ರಾಜ್ಯಗಳಿಗೆ ಬರೆಯಿತು. ಒಳ್ಳೆಯದೇ. ಆದರೆ ದೇಹವನ್ನು ಒಪ್ಪಿಸಿಕೊಳ್ಳಲು ಅರ್ಹವಾದ ಕೈ, ಜೀವವನ್ನುಳಿಸುವ ಕಾಗದಕ್ಕೆ ಸಹಿ ಹಾಕಲು ಅನರ್ಹವೆ?

ಆಸ್ಪತ್ರೆಯ ಹೊಸಿಲನ್ನು ದೂರುವಾಗ ಮನೆಯ ಹೊಸಿಲನ್ನೂ ನೋಡಿಕೊಳ್ಳಬೇಕು. ಮಗನ ಒಲವು ಗಂಡಿನ ಕಡೆಗೆಂದು ತಿಳಿದ ತಂದೆತಾಯಿಯರು ಮೊದಲು ಹುಡುಕುವುದು ಅವನನ್ನು "ಸರಿಮಾಡುವ" ವೈದ್ಯರನ್ನು. ಹರಕೆ, ತಾಯಿತ, ಮಾತ್ರೆ, ಕೊನೆಗೊಂದು ಮದುವೆ. ವಿಶ್ವ ಆರೋಗ್ಯ ಸಂಸ್ಥೆಯು 1990ರಲ್ಲಿಯೇ ಸಲಿಂಗಾನುರಾಗವನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. ಅದು ಅಪರಾಧವಲ್ಲವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. ಇಂಥವರನ್ನು "ಗುಣಪಡಿಸುವ" ಪ್ರಯತ್ನಗಳನ್ನು ಮದ್ರಾಸ್ ಉಚ್ಚ ನ್ಯಾಯಾಲಯ 2021ರಲ್ಲಿ ತಡೆಯಿತು. ಅದು ವೈದ್ಯವೃತ್ತಿಗೆ ಸಲ್ಲದ ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸಾರಿತು. ಇಲ್ಲದ ರೋಗಕ್ಕೆ ಮದ್ದು ಕುಡಿದ ಹುಡುಗನು ಮುಂದೆ ನಿಜವಾದ ರೋಗ ಬಂದಾಗಲೂ ವೈದ್ಯರೆಂದರೆ ಬೆದರುತ್ತಾನೆ. ನಮ್ಮ ಹಿರಿಯರು ಆರೋಗ್ಯವಂತನಿಗೆ "ಸ್ವಸ್ಥ" ಎಂದು ಹೆಸರಿಟ್ಟರು. ತನ್ನಲ್ಲಿ ತಾನು ನೆಲೆಗೊಂಡವನೆಂದು ಅದರ ಅರ್ಥ. ಒಬ್ಬನನ್ನು ಅವನಿಂದಲೇ ಹೊರಗೆಳೆಯುವ ಕ್ರಿಯೆಗೆ ಚಿಕಿತ್ಸೆಯೆಂಬ ಹೆಸರು ಒಪ್ಪುವುದೆಂತು?

ಮುನಿಗಳನ್ನು ತಡೆದ ಜಯವಿಜಯರಿಗೆ ಶಾಪ ತಟ್ಟಿತು. ನಮ್ಮಲ್ಲಿ ಶಾಪ ತಟ್ಟುವುದು ಕಾವಲುಗಾರನಿಗಲ್ಲ, ಬಾಗಿಲಿನಿಂದ ಹಿಂತಿರುಗಿದವರಿಗೆ. ಈ ಪತ್ರಿಕೆ ತಲಪುವ ಮನೆಗಳಲ್ಲಿ ವೈದ್ಯರಿದ್ದಾರೆ, ದಾದಿಯರಿದ್ದಾರೆ, ಕಿಂಡಿಯ ಹಿಂದೆ ಕುಳಿತು ಚೀಟಿ ಬರೆಯುವವರೂ ಇದ್ದಾರೆ. ಅವರಿಂದ ಆಗಬೇಕಾದದ್ದು ದೊಡ್ಡದೇನಲ್ಲ: ಏನೆಂದು ಕರೆಯಬೇಕೆಂದು ಕೇಳಿ ಆ ಹೆಸರಿನಿಂದಲೇ ಕರೆಯುವುದು, ಮದುವೆಯ ಮಾತನ್ನೆತ್ತುವ ಬದಲು ಜೊತೆಯಲ್ಲಿ ಯಾರಿದ್ದಾರೆಂದು ವಿಚಾರಿಸುವುದು, ರೋಗಿಯು ಬೊಟ್ಟುಮಾಡಿ ತೋರಿಸಿದವರಿಗೆ ಹಾಸಿಗೆಯ ಪಕ್ಕದಲ್ಲೊಂದು ಕುರ್ಚಿ ಹಾಕಿಕೊಡುವುದು.