ನೀರು ಹೊಕ್ಕ ಬಾಯಿ ಎಲ್ಲಿ?

ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಗೆ ಮಳೆ ಎರಡು ಹಂಗಾಮುಗಳಲ್ಲಿ ಬರುತ್ತದೆ. ಅಶ್ವಿನಿ, ಭರಣಿ, ಕೃತ್ತಿಕೆಗಳು ಬೇಸಿಗೆಯಲ್ಲಿ ಗುಡುಗಿ ಸುರಿಯುತ್ತವೆ. ಮಲೆನಾಡು ತೊಯ್ದು ತೊಪ್ಪೆಯಾಗುವ ಆಷಾಢದಲ್ಲಿ ನಮಗೆ ಗಾಳಿಯೇ ಹೆಚ್ಚು. ಅನಂತರ ಉತ್ತರೆ, ಹಸ್ತ, ಚಿತ್ತೆಗಳು ಬಂದು ಕೆರೆಕಟ್ಟೆಗಳಿಗೆ ನೀರು ತುಂಬಿಸುತ್ತವೆ. ಮಾಳಿಗೆ ಸೋರುವ ಮನೆ ಯಾವುದು, ಸೋರುವ ವಾಹನ ಯಾವುದು ಎಂಬುದು ಬಯಲಾಗುವುದೂ ಆಗಲೇ.

ಕಳೆದ ವರ್ಷ ಹಸ್ತ ಮಳೆಯ ದಿನಗಳಲ್ಲಿ ನಾವು ಯಳಂದೂರಿನಿಂದ ಹನೂರಿಗೆ ಪುಸ್ತಕದ ಎರಡು ಕಟ್ಟುಗಳೊಡನೆ ಹೊರಟಿದ್ದೆವು. ಪರಿಚಯದ ರೈತ ಕುಟುಂಬವೊಂದು ತಮ್ಮ ಹಳೆಯ ಮಾರುತಿ ಓಮ್ನಿಯಲ್ಲಿ ನಮ್ಮನ್ನು ಕರೆದೊಯ್ದಿತು. ರೇಷ್ಮೆಗೂಡು ಮಾರುಕಟ್ಟೆಗೆ ಹೋಗುವುದು ಅದರಲ್ಲೇ, ಮನೆಯ ಹಿರಿಯಜ್ಜಿ ಆಸ್ಪತ್ರೆಗೆ ಹೋಗುವುದೂ ಅದರಲ್ಲೇ. ಹನೂರಿನಲ್ಲಿ ಇಳಿದಾಗ ಕೆಳಗಿನ ಕಟ್ಟು ಪೂರ್ತಿ ನೆನೆದಿತ್ತು. ಮನೆಯ ಯಜಮಾನರು ನಾಚಿಕೊಂಡು, “ಬುದ್ಧೀ, ಹಿಂದಿನ ಗಾಜಿಗೆ ಮೂರು ಸಾರಿ ಮದ್ದು ಹಚ್ಚಿಸಿದ್ದಾಯ್ತು, ನೀರು ನಿಲ್ತಾನೇ ಇಲ್ಲ” ಎಂದರು. ಗೂಡು ನೆನೆದರೆ ಬೆಲೆ ಬೀಳುತ್ತದೆ ಎಂಬ ಚಿಂತೆ ಅವರದು.

ನಾವು ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿದ್ದಾಗ ಹೆಂಚಿನ ಮಾಡು ಸೋರುತ್ತಿತ್ತು. ಹನಿ ಬಿದ್ದ ಜಾಗದ ನೇರ ಮೇಲಿನ ಹೆಂಚನ್ನು ಬದಲಿಸಿದರೆ ನಮ್ಮ ಹಿರಿಯರು ನಗುತ್ತಿದ್ದರು. ನೀರು ಒಂದೆಡೆ ಹೊಕ್ಕು, ರೀಪಿನ ಗುಂಟ ಹರಿದು, ಮೂರು ಮಾರು ದೂರದಲ್ಲಿ ತೊಟ್ಟಿಕ್ಕುತ್ತದೆ. ವಾಹನದಲ್ಲಿಯೂ ಹೀಗೆಯೇ. ಚಾವಣಿಯ ತಗಡಿಗೂ ಒಳಹೊದಿಕೆಗೂ ನಡುವೆ ಹರಿದ ನೀರು ಕಂಬದೊಳಗೆ ಇಳಿದು ನೆಲದಲ್ಲಿ ಕಾಣಿಸುತ್ತದೆ. ಏರಿನಲ್ಲಿ ಅದು ಹಿಂದಕ್ಕೆ ಸರಿಯುತ್ತದೆ, ಇಳಿಜಾರಿನಲ್ಲಿ ಮುಂದಕ್ಕೆ. ತಾಳಬೆಟ್ಟದಿಂದ ಮಾದೇಶ್ವರ ಬೆಟ್ಟಕ್ಕೆ ಹತ್ತುವಾಗ, ಬಿಳಿಗಿರಿರಂಗನ ಬೆಟ್ಟದ ತಿರುವುಗಳಲ್ಲಿ ಸೋರುವ ಗಾಡಿ ಮನೆಯ ಮುಂದಿನ ಸಮನೆಲದಲ್ಲಿ ಒಂದು ಹನಿಯನ್ನೂ ತೋರಿಸದಿರಬಹುದು. ಆದುದರಿಂದ ಒದ್ದೆ ಕಂಡ ಜಾಗಕ್ಕೆ ಮದ್ದು ಹಚ್ಚುವುದು ವ್ಯರ್ಥ; ನೀರು ಹೊಕ್ಕ ಬಾಯನ್ನು ಹುಡುಕಬೇಕು.

ಮಳೆ ಬಿಟ್ಟ ಒಂದು ಭಾನುವಾರ ಆ ಮನೆಯ ಮಗನೊಡನೆ ಕುಳಿತು ಹುಡುಕಿದೆವು. ಕ್ರಮ ಸುಲಭವಾದುದು, ಆದರೆ ತಾಳ್ಮೆ ಬೇಕು. ಮೊದಲು ಮ್ಯಾಟನ್ನೂ ಅದರಡಿಯ ದಪ್ಪ ಹಾಸನ್ನೂ ತೆಗೆದು, ಒಳಗೆಲ್ಲ ಒರೆಸಿ ಒಣಗಿಸಬೇಕು. ಒಣಗಿದ ತಗಡಿನ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದರೆ ನೀರು ಹರಿದ ದಾರಿ ಗೆರೆಯಾಗಿ ಉಳಿಯುತ್ತದೆ. ಒಬ್ಬರು ಟಾರ್ಚು ಹಿಡಿದು ಒಳಗೆ ಕೂರಬೇಕು. ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ಮೆಲ್ಲಗೆ ನೀರು ಬಿಡಬೇಕು. ರಭಸದ ನೀರು ಬೇಡ, ಅದು ಮಳೆಯಲ್ಲಿ ಸೋರದ ಕಡೆಯೂ ನುಗ್ಗುತ್ತದೆ. ಕೆಳಗಿನಿಂದ ಆರಂಭಿಸಿ ಮೇಲಕ್ಕೆ ಹೋಗಬೇಕು; ಒಂದೊಂದು ಜಾಗದಲ್ಲಿ ಐದು ನಿಮಿಷವಾದರೂ ನಿಲ್ಲಬೇಕು. ಮೇಲಿನಿಂದ ಸುರಿದರೆ ಎಲ್ಲವೂ ಒಮ್ಮೆಗೇ ನೆನೆದು ಯಾವುದೂ ತಿಳಿಯದು.

ಬಾಗಿಲ ರಬ್ಬರಿಗೆ ಬೇರೊಂದು ಪರೀಕ್ಷೆಯಿದೆ. ಕಾಗದದ ಪಟ್ಟಿಯೊಂದನ್ನು ನಡುವೆ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಸಲೀಸಾಗಿ ಜಾರಿದರೆ ಅಲ್ಲಿ ರಬ್ಬರು ಸತ್ತಿದೆ ಅಥವಾ ಬಾಗಿಲು ಜೋತಿದೆ. ಬಾಗಿಲ ಗಾಜಿನ ಸಂದಿನಿಂದ ಸ್ವಲ್ಪ ನೀರು ಬಾಗಿಲೊಳಗೆ ಇಳಿಯುವುದು ಸಹಜ. ಅದು ಹೊರಹೋಗಲೆಂದೇ ಬಾಗಿಲ ಅಡಿಯಂಚಿನಲ್ಲಿ ಸಣ್ಣ ರಂಧ್ರಗಳಿರುತ್ತವೆ. ಮಣ್ಣು ಕಟ್ಟಿದರೆ ನೀರು ಒಳಗೇ ನಿಂತು ಮನೆಮಾಡುತ್ತದೆ. ಕಡ್ಡಿಯಿಂದ ಅವನ್ನು ಬಿಡಿಸಬೇಕು. ಸೋರುವುದೆಂದು ತಿಳಿದು ಆ ರಂಧ್ರಗಳನ್ನೇ ಮುಚ್ಚಿದವರನ್ನೂ ನಾವು ಕಂಡಿದ್ದೇವೆ! ಹುಣಸೆ, ಹೊಂಗೆ ಮರಗಳ ನೆರಳಲ್ಲಿ ನಿಲ್ಲಿಸುವ ಗಾಡಿಗಳಲ್ಲಿ ಮುಂಗಾಜಿನ ಕೆಳಗಿನ ಜಾಲರಿಯಲ್ಲಿ ತರಗು ತುಂಬುತ್ತದೆ, ಅದನ್ನೂ ತೆಗೆಯಬೇಕು.

ಆ ಗಾಡಿಯಲ್ಲಿ ಹಿಂದಿನ ಗಾಜು ನಿರಪರಾಧಿಯಾಗಿತ್ತು. ಬಾಯಿ ಇದ್ದುದು ಚಾವಣಿಯ ಅಂಚಿನ ನೀರ್ಗಾಲುವೆಯಲ್ಲಿ, ಮುಂದಿನ ಎಡಮೂಲೆಯಲ್ಲಿ. ಗೂಡಿನ ಚೀಲ ಹೇರಲೆಂದು ಮೇಲೆ ಕ್ಯಾರಿಯರ್ ಬಿಗಿದಿದ್ದರು. ಅದರ ಹಿಡಿಕೆ ಕಾಲುವೆಯನ್ನು ಒತ್ತಿ ಒತ್ತಿ ಎರಡು ತಗಡುಗಳ ನಡುವಿನ ಹಳೆಯ ಸೀಲನ್ನು ಬಿರುಕುಗೊಳಿಸಿತ್ತು. ಗಾಜಿನ ಮೂಲೆಯ ಬೀಡಿಂಗ್ ರಬ್ಬರೂ ಗಟ್ಟಿಯಾಗಿ ಕುಗ್ಗಿದ್ದಿತು.

ರಿಪೇರಿಯಲ್ಲಿ ಅವಸರ ಸಲ್ಲದು. ಹಳೆಯ ಸೀಲನ್ನು ಪೂರ್ತಿ ಕೆರೆದು, ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಬಿಸಿಲಲ್ಲಿ ಒಣಗಿಸಿ, ಪ್ರೈಮರ್ ಬಳಿದು, ಆಮೇಲೆ ವಾಹನದ ಬಾಡಿ ಕೆಲಸಕ್ಕೆಂದೇ ಇರುವ, ಒಣಗಿದರೂ ಬಾಗುವ ಸೀಲರನ್ನು ತುಂಬಬೇಕು. ಕಲ್ಲಿನಂತೆ ಗಟ್ಟಿಯಾಗುವ ಪುಟ್ಟಿ ನಮ್ಮ ರಸ್ತೆಗಳ ಅದುರಿಗೆ ಬಿರಿಯುತ್ತದೆ. ಹುಳಿ ವಾಸನೆಯ ಸಿಲಿಕಾನ್ ಒಣಗುವಾಗ ಆಮ್ಲ ಬಿಡುತ್ತದೆ. ಬರಿಯ ತಗಡಿಗೆ ಹಚ್ಚಿದರೆ ಅದರಡಿಯಲ್ಲೇ ತುಕ್ಕು ಬೆಳೆಯುತ್ತದೆ. ಬೀಡಿಂಗ್ ಬದಲಿಸಲು ಗಾಜು ತೆಗೆಯಬೇಕಾದರೆ ಬಲ್ಲವರ ಕೈಯಲ್ಲೇ ಮಾಡಿಸಿರಿ. ಒಳಹೊದಿಕೆ ಮುಚ್ಚುವ ಮೊದಲು ಮತ್ತೊಮ್ಮೆ ನೀರು ಬಿಟ್ಟು ನೋಡಿರಿ.

ಇಷ್ಟಕ್ಕೆ ಕೆಲಸ ಮುಗಿಯಿತೆಂದು ನಾವು ತಿಳಿದಿದ್ದೆವು. ಆದರೆ ಹಾಸು ತೆಗೆದ ನೆಲದಲ್ಲಿ ಹಿಂದಿನ ಸೀಟಿನ ಬೋಲ್ಟಿನ ಸುತ್ತ ಸ್ಕ್ರೂಡ್ರೈವರ್ ಊರಿದಾಗ ಅದು ತಗಡನ್ನು ತೂರಿ ಕೆಳಗಿನ ನೆಲ ಕಂಡಿತು. ಹಿರಿಯಜ್ಜಿ ಕೂರುತ್ತಿದ್ದುದು ಅದೇ ಸೀಟಿನಲ್ಲಿ. ಮೇಲಿನ ಮ್ಯಾಟು ಒಣಗಿದಂತೆ ಕಂಡರೂ ಅಡಿಯ ಹಾಸು ವಾರಗಟ್ಟಲೆ ನೀರು ಹಿಡಿದಿರುತ್ತದೆ. ನೀರೂ ಗಾಳಿಯೂ ಸೇರಿ ಕಬ್ಬಿಣವನ್ನು ಸದ್ದಿಲ್ಲದೆ ತಿನ್ನುತ್ತವೆ. ಮಗ ಬಹಳ ಹೊತ್ತು ಮಾತಾಡಲಿಲ್ಲ. ಗೂಡಿನ ಬೆಲೆಯ ಚಿಂತೆಯಲ್ಲಿದ್ದ ಮನೆಗೆ ಗಂಡಾಂತರ ಕಾದಿದ್ದುದು ಬೇರೆಡೆ.

ಅಂತಹ ತೂತಿಗೆ ಟಾರು ಬಳಿದು ಮುಚ್ಚುವುದು ಆತ್ಮವಂಚನೆ. ಸೀಟು, ಸೀಟ್ ಬೆಲ್ಟುಗಳ ಬೋಲ್ಟಿನ ಬಳಿ ತಗಡು ಸವೆದಿದ್ದರೆ ಕೊಳೆತುದನ್ನು ಕತ್ತರಿಸಿ ಹೊಸ ತಗಡು ಬೆಸುಗೆ ಹಾಕಿಸಲೇಬೇಕು. ಬೆಸುಗೆಗೆ ಮುನ್ನ ಬ್ಯಾಟರಿಯ ತಂತಿ ಬಿಚ್ಚಿಸಿ, ಗ್ಯಾಸ್ ಸಿಲಿಂಡರ್ ಇರುವ ಗಾಡಿಯಾದರೆ ಅದನ್ನು ಬಲ್ಲವರಿಂದ ತೆಗೆಸಿ ದೂರವಿಡಿಸಿರಿ. ಆ ಮನೆಯವರು ಹೀಗೆಯೇ ಮಾಡಿಸಿದರು. ಅಲ್ಲಿಯವರೆಗೆ ಅಜ್ಜಿ ಮುಂದಿನ ಸೀಟಿನಲ್ಲಿ ಕುಳಿತರು.

1984ರಲ್ಲಿ ಬಂದ ಈ ವ್ಯಾನಿನ ತಯಾರಿಕೆ 2019ರಲ್ಲಿ ನಿಂತಿತು. ನಮ್ಮ ಊರುಗಳಲ್ಲಿ ಓಡುತ್ತಿರುವವೆಲ್ಲ ಹಳೆಯವೇ. ಸ್ವಂತದ ವಾಹನಕ್ಕೆ 15 ವರ್ಷ ತುಂಬಿದ ಮೇಲೆ ನೋಂದಣಿ ನವೀಕರಿಸಬೇಕು, ಆಗ ಗಾಡಿಯನ್ನು ಪರೀಕ್ಷೆಗೆ ಒಪ್ಪಿಸಬೇಕಾಗುತ್ತದೆ. ಆದರೆ ಆ ದಿನಕ್ಕಾಗಿ ಕಾಯಬಾರದು.

ದೀಪಾವಳಿಯ ಜಾತ್ರೆಗೆ ಬೆಟ್ಟ ಹತ್ತುವ ಕುಟುಂಬಗಳು ನಮ್ಮ ಓದುಗರಲ್ಲಿ ಅನೇಕ. ಅದು ಚಿತ್ತೆ, ಸ್ವಾತಿ ಮಳೆಗಳ ಕಾಲ. ಅದಕ್ಕೆ ಮುನ್ನ ಒಂದು ಬಿಸಿಲ ದಿನ ಮನೆಯ ವ್ಯಾನಿನ ಮ್ಯಾಟನ್ನು ಎತ್ತಿ ಕೈಯಿಂದ ಮುಟ್ಟಿ ನೋಡಿರೆಂದು ಕೇಳಿಕೊಳ್ಳುತ್ತೇವೆ. ತೇವವಿದ್ದರೆ ಅಂದೇ ಹುಡುಕಲು ಕುಳಿತುಕೊಳ್ಳಿರಿ.